ದೊಡ್ಡಮ್ಮನ ಅಕ್ಕಿ ಪುಸ್ತಕ

ವಿಯೆಟ್ನಾಂನ ರಾಜಧಾನಿ ಹನೋಯ್‌ಗೆ ಬಂದ ಮೊದಲ ವಾರ ಅಪ್ಪನಿಗೆ ಫೋನ್ ಮಾಡಿದ್ದೆ. ಜನವರಿ ಕೊನೆ, ಜಿಟಿಜಿಟಿ ಮಳೆ, ಚಳಿ. "ರಸ್ತೆ ತುಂಬಾ ಕೆಂಪು ಬಾವುಟ ಅಪ್ಪಾ, ಸುತ್ತಿಗೆ-ಕುಡುಗೋಲಿಂದು" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಮಿಲ್ಲಿನಲ್ಲಿ ಮುಷ್ಕರ?" ಅಂತ ಕೇಳಿದರು.

ಅಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಅವರ ಪಾಲಿಗೆ ಆ ಬಾವುಟ ಅಂದರೆ ಗೇಟಿನ ಮುಂದೆ ಕೂರುವುದು, ಬೋನಸ್ ಕೇಳುವುದು, ಕಾಮ್ರೇಡ್ ಪಂಪಾಪತಿಯವರ ಭಾಷಣಕ್ಕೆ ಕಾಯುವುದು. ಬಾವುಟ ಯಾವತ್ತೂ ಗೇಟಿನ ಹೊರಗಡೆ. ಒಳಗಡೆ ಮಾಲೀಕರು. ಆ ಬಾವುಟವೇ ಗೇಟಿನ ಒಳಗೆ, ಕಚೇರಿಯಲ್ಲಿ, ಶಾಲೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಗಲ್ಲಿಯ ತುದಿಯ ಸಮುದಾಯ ಭವನದಲ್ಲಿ ಇರುವ ದೇಶ ಹೇಗಿರುತ್ತದೆ? ನಾಲ್ಕು ವರ್ಷದಿಂದ ಅಪ್ಪ ಇದನ್ನೇ ಬೇರೆ ಬೇರೆ ರೀತಿ ಕೇಳುತ್ತಿದ್ದಾರೆ. ಫೋನಿನಲ್ಲಿ ಹೇಳಿ ಮುಗಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಮುಷ್ಕರ ಇರಲಿಲ್ಲ, ಹಬ್ಬ ಇತ್ತು. ವಿಯೆಟ್ನಾಂ ಕಮ್ಯುನಿಸ್ಟ್ ಪಕ್ಷ ಹುಟ್ಟಿದ್ದು 1930ರ ಫೆಬ್ರವರಿ 3ರಂದು ಅಂತ ಲೆಕ್ಕ. ಇಲ್ಲಿನ ಹೊಸ ವರ್ಷ ತೆತ್ ಕೂಡ ಅದರ ಆಸುಪಾಸಿನಲ್ಲೇ ಬರುತ್ತದೆ. ಹಾಗಾಗಿ ಬ್ಯಾನರ್‌ಗಳಲ್ಲಿ ಎರಡಕ್ಕೂ ಒಂದೇ ಸಾಲು: "ಮುಂಗ್ ದಾಂಗ್, ಮುಂಗ್ ಸುವಾನ್." ಪಕ್ಷಕ್ಕೆ ಸಂಭ್ರಮ, ವಸಂತಕ್ಕೆ ಸಂಭ್ರಮ. ಪೀಚ್ ಹೂವಿನ ಕೊಂಬೆ ಒಂದು ಕಡೆ, ಸುತ್ತಿಗೆ-ಕುಡುಗೋಲು ಇನ್ನೊಂದು ಕಡೆ. ನಮ್ಮಲ್ಲಿ ಯುಗಾದಿಯ ಮಾವಿನ ತೋರಣದ ಪಕ್ಕದಲ್ಲೇ ಒಂದು ಪಕ್ಷದ ಚಿಹ್ನೆ ಕಟ್ಟಿದರೆ ಹೇಗಿರುತ್ತದೆ ಅಂತ ಯೋಚಿಸಿ ನೋಡಿ.

ನಾನು ಗಾರ್ಮೆಂಟ್ಸ್ ಕ್ವಾಲಿಟಿ ಕೆಲಸದವನು. ಪೀಣ್ಯದಲ್ಲಿ ಎಂಟು ವರ್ಷ ಇದ್ದು ಇಲ್ಲಿಗೆ ಬಂದೆ. ವಾರದಲ್ಲಿ ಮೂರು ದಿನ ಹುಂಗ್ ಯೆನ್ ಕಡೆಯ ಕಾರ್ಖಾನೆಗಳಿಗೆ ಹೋಗುತ್ತೇನೆ. ಮನೆ ಹನೋಯ್‌ನ ಒಂದು ಗಲ್ಲಿಯೊಳಗಿನ ಗಲ್ಲಿಯಲ್ಲಿ. ಗಲ್ಲಿಗೆ ಇಲ್ಲಿ 'ಙೊ' ಅನ್ನುತ್ತಾರೆ. ಕ ಖ ಗ ಘ ಙ ಅಂತ ಒಂದನೇ ಕ್ಲಾಸಿನಲ್ಲಿ ಕಲಿತು, ಆಮೇಲೆ ಒಂದೇ ಒಂದು ಕಡೆ ಬಳಸದ ಆ ಅಕ್ಷರ ಇಲ್ಲಿ ದಿನಾ ಬೇಕು. ಊರಲ್ಲಿ ಎಷ್ಟೋ ಜನರ ಮನೆತನದ ಹೆಸರು ಙುಯೆನ್.

ನೆಲಮಹಡಿಯಲ್ಲಿ ಮನೆಯ ಯಜಮಾನಿ ಇರುತ್ತಾರೆ. ನಿವೃತ್ತ ಶಾಲಾ ಟೀಚರ್, ಎಪ್ಪತ್ತು ದಾಟಿದ್ದಾರೆ. ನಾನು ಅವರನ್ನು 'ಬಾಕ್' ಅಂತ ಕರೆಯಬೇಕು. ಬಾಕ್ ಅಂದರೆ ಅಪ್ಪ ಅಮ್ಮನಿಗಿಂತ ದೊಡ್ಡವರು, ನಮ್ಮ ದೊಡ್ಡಪ್ಪ ದೊಡ್ಡಮ್ಮ. ಹೋ ಚಿ ಮಿನ್ ಅವರನ್ನು ಇಡೀ ದೇಶ ಕರೆಯುವುದು ಇದೇ ಪದದಿಂದ, ಬಾಕ್ ಹೋ ಅಂತ. ಇಂಗ್ಲಿಷಿನಲ್ಲಿ ಇದು ಅಂಕಲ್ ಆಗಿ ಸಪ್ಪೆಯಾಯಿತು. ಕನ್ನಡದಲ್ಲಿ ಸರಿಯಾದ ಪದವೇ ಇದೆ: ದೊಡ್ಡಪ್ಪ ಹೋ. ನಾನು ಮನೆಯ ಯಜಮಾನಿಯನ್ನು ಇಲ್ಲಿ ದೊಡ್ಡಮ್ಮ ಅಂತಲೇ ಬರೆಯುತ್ತೇನೆ.

ದೊಡ್ಡಮ್ಮ ಪಕ್ಷದ ಸದಸ್ಯೆ. 1975ರಲ್ಲಿ ಸೇರಿದ್ದು. ಪ್ರತಿ ತಿಂಗಳು ಒಂದು ಸಂಜೆ ತಲೆ ಬಾಚಿ, ಒಳ್ಳೆಯ ಕೋಟು ಹಾಕಿ, ಒಂದು ನೋಟ್ ಬುಕ್ ಹಿಡಿದು ಗಲ್ಲಿಯ ತುದಿಗೆ ಹೋಗುತ್ತಾರೆ. ಅಲ್ಲಿ 'ಚೀ ಬೋ' ಸಭೆ. ಚೀ ಬೋ ಅಂದರೆ ಪಕ್ಷದ ಅತಿ ಚಿಕ್ಕ ಘಟಕ. ಮೂರು ಜನ ಪೂರ್ಣ ಸದಸ್ಯರಿದ್ದರೆ ಒಂದು ಚೀ ಬೋ ಆಗುತ್ತದೆ. ಗಲ್ಲಿಯಲ್ಲಿ ಒಂದು, ಶಾಲೆಯಲ್ಲಿ ಒಂದು, ಆಸ್ಪತ್ರೆಯಲ್ಲಿ ಒಂದು, ಸೈನ್ಯದ ತುಕಡಿಯಲ್ಲಿ ಒಂದು. ಒಮ್ಮೆ ಬಾಗಿಲು ತೆರೆದಿದ್ದಾಗ ಹಾದು ಹೋಗುತ್ತಾ ನೋಡಿದ್ದೆ. ಕೆಂಪು ಪರದೆ, ಹೋ ಅವರ ಬಿಳಿ ಪ್ರತಿಮೆ, ಪ್ಲಾಸ್ಟಿಕ್ ಕುರ್ಚಿಗಳು, ಹಸಿರು ಚಹಾದ ಚಿಕ್ಕ ಲೋಟಗಳು. ಕೂತಿದ್ದವರಲ್ಲಿ ಜಾಸ್ತಿ ಜನ ಅಜ್ಜ ಅಜ್ಜಿಯರು.

ನಮ್ಮಲ್ಲಿ ಒಂದು ಪಕ್ಷ ಸೇರಬೇಕು ಅಂದರೆ ಮೊಬೈಲಿನಲ್ಲಿ ಮಿಸ್ಡ್ ಕಾಲ್ ಕೊಟ್ಟರೂ ಆಯಿತು. ಇಲ್ಲಿ ಹಾಗಲ್ಲ. 18 ತುಂಬಿರಬೇಕು. ಅರ್ಜಿಯ ಜೊತೆ ಮನೆತನದ ಹಿನ್ನೆಲೆ ಬರೆದು ಕೊಡಬೇಕು. ಅಪ್ಪ ಏನು ಮಾಡುತ್ತಿದ್ದರು, ಯುದ್ಧದ ಕಾಲದಲ್ಲಿ ಯಾವ ಕಡೆ ಇದ್ದರು, ಎಲ್ಲಾ. ಇಬ್ಬರು ಸದಸ್ಯರು ಜಾಮೀನಿನ ಹಾಗೆ ನಿಂತು ಪರಿಚಯಿಸಬೇಕು. ಒಳಗೆ ತೆಗೆದುಕೊಂಡ ಮೇಲೂ ಹನ್ನೆರಡು ತಿಂಗಳು ಪರೀಕ್ಷೆಯ ಅವಧಿ. ಆಮೇಲೆ ತಿಂಗಳು ತಿಂಗಳು ಚಂದಾ, ಸರ್ಕಾರಿ ಸಂಬಳದವರಿಗೆ ಸಂಬಳದ 1 ಶೇಕಡಾ. ಇಷ್ಟೆಲ್ಲಾ ಇದ್ದೂ ಸುಮಾರು ಹತ್ತು ಕೋಟಿ ಜನರ ದೇಶದಲ್ಲಿ ಸದಸ್ಯರು 50 ಲಕ್ಷಕ್ಕೂ ಜಾಸ್ತಿ. ಇಪ್ಪತ್ತು ಜನರಲ್ಲಿ ಒಬ್ಬರು ಅಂತ ಇಟ್ಟುಕೊಳ್ಳಿ. ನಮ್ಮ ಗಲ್ಲಿಯಲ್ಲಿ ಫೋ, ಅಂದರೆ ಶಾವಿಗೆ ಸಾರು, ಮಾರುವಾಕೆ ಸದಸ್ಯೆ ಅಲ್ಲ. ಅವಳ ಮಾವ ಸದಸ್ಯ.

ಚೀ ಬೋದಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು. ವಾರ್ಡಿನ ಸಮಿತಿ, ನಗರ ಅಥವಾ ಪ್ರಾಂತ್ಯದ ಸಮಿತಿ, ಮೇಲೆ ಕೇಂದ್ರ ಸಮಿತಿ. ಐದು ವರ್ಷಕ್ಕೊಮ್ಮೆ ಮಹಾಧಿವೇಶನ ನಡೆಯುತ್ತದೆ. 2021ರ 13ನೇ ಮಹಾಧಿವೇಶನಕ್ಕೆ 1,587 ಪ್ರತಿನಿಧಿಗಳು ಬಂದಿದ್ದರು, 200 ಜನರ ಕೇಂದ್ರ ಸಮಿತಿ ಆರಿಸಿದರು. ಆ ಸಮಿತಿ 18 ಜನರ ಪಾಲಿಟ್‌ಬ್ಯೂರೋ, ಅಂದರೆ ಮುಖ್ಯ ತೀರ್ಮಾನ ಮಾಡುವ ಚಿಕ್ಕ ಕೂಟ, ಆರಿಸಿತು. ಎಲ್ಲಕ್ಕಿಂತ ಮೇಲೆ ಪ್ರಧಾನ ಕಾರ್ಯದರ್ಶಿ. ರಾಷ್ಟ್ರಾಧ್ಯಕ್ಷ, ಪ್ರಧಾನಿ, ಸಂಸತ್ತಿನ ಅಧ್ಯಕ್ಷ ಈ ಮೂವರ ಜೊತೆ ಅವರನ್ನೂ ಸೇರಿಸಿ ಜನ 'ನಾಲ್ಕು ಕಂಬ' ಅನ್ನುತ್ತಾರೆ. ಆದರೆ ಮನೆಯ ನಡುಗಂಬ ಯಾವುದು ಅಂತ ಎಲ್ಲರಿಗೂ ಗೊತ್ತು.

ನಿಯಮ ಒಂದೇ. ಚಿಕ್ಕ ಗುಂಪು ದೊಡ್ಡ ಗುಂಪಿನ ಮಾತು ಕೇಳಬೇಕು. ಕೆಳಗಿನವರು ಮೇಲಿನವರ ಮಾತು ಕೇಳಬೇಕು. ಸಭೆಯ ಒಳಗೆ ವಾದ ಮಾಡಬಹುದು, ತೀರ್ಮಾನ ಆದ ಮೇಲೆ ಹೊರಗೆ ಒಂದೇ ಮಾತು. ಸಂವಿಧಾನದ 4ನೇ ವಿಧಿಯಲ್ಲೇ ಬರೆದಿದೆ, ರಾಜ್ಯವನ್ನೂ ಸಮಾಜವನ್ನೂ ಮುನ್ನಡೆಸುವುದು ಈ ಪಕ್ಷ ಅಂತ. ಚುನಾವಣೆ ಇದೆ, ಮತ ಹಾಕುತ್ತಾರೆ, ಒಂದಕ್ಕಿಂತ ಜಾಸ್ತಿ ಅಭ್ಯರ್ಥಿಗಳೂ ಇರುತ್ತಾರೆ. ಆದರೆ ಪಟ್ಟಿ ಸೋಸಿ ಬರುತ್ತದೆ. 2021ರಲ್ಲಿ ಸಂಸತ್ತಿಗೆ ಗೆದ್ದ 499 ಜನರಲ್ಲಿ ಪಕ್ಷದ ಸದಸ್ಯರಲ್ಲದವರು 14. "ದಾಂಗ್ ಕೂ, ಝಾನ್ ಬೌ" ಅಂತ ಇಲ್ಲಿನ ಮಾತೇ ಇದೆ. ಪಕ್ಷ ನಿಲ್ಲಿಸುತ್ತದೆ, ಜನ ಆರಿಸುತ್ತಾರೆ.

2025ರ ಜುಲೈನಲ್ಲಿ ಇದರ ಶಕ್ತಿಯನ್ನು ಕಣ್ಣಾರೆ ಕಂಡೆ. 63 ಪ್ರಾಂತ್ಯಗಳಿದ್ದದ್ದು 34 ಆದವು. ಜಿಲ್ಲೆ ಅನ್ನುವ ಹಂತವೇ ಹೋಯಿತು. ಏಪ್ರಿಲ್‌ನಲ್ಲಿ ಕೇಂದ್ರ ಸಮಿತಿ ತೀರ್ಮಾನ ಮಾಡಿತು, ಜೂನ್‌ನಲ್ಲಿ ಸಂಸತ್ತು ಸಂವಿಧಾನ ತಿದ್ದಿತು, ಜುಲೈ 1ಕ್ಕೆ ಕಚೇರಿಗಳ ಬೋರ್ಡು ಬದಲಾಗಿತ್ತು. ನಮ್ಮಲ್ಲಿ ಒಂದು ತಾಲ್ಲೂಕನ್ನು ಜಿಲ್ಲೆ ಮಾಡಿ ಅಂತ ಎಷ್ಟು ವರ್ಷ ಹೋರಾಟ ನಡೆಯುತ್ತದೆ ಅಲ್ವಾ? ಈ ವೇಗ ನೋಡಿ ನನಗೆ ಮೆಚ್ಚುಗೆಯೂ ಆಯಿತು, ಭಯವೂ ಆಯಿತು. ಯಾಕೆ ಭಯ ಅನ್ನುವುದು ದೊಡ್ಡಮ್ಮನ ಕತೆ ಕೇಳಿದ ಮೇಲೆ ಸರಿಯಾಗಿ ಅರ್ಥವಾಯಿತು.

ದೊಡ್ಡಮ್ಮ ವಿನ್ ಫುಕ್ ಪ್ರಾಂತ್ಯದ ಹಳ್ಳಿಯವರು. ಆ 34ರ ಲೆಕ್ಕದಲ್ಲಿ ಅವರ ಪ್ರಾಂತ್ಯವೂ ಫು ಥೋ ಜೊತೆ ಸೇರಿ ಹೆಸರು ಕಳೆದುಕೊಂಡಿತು. ಆ ಸಂಜೆ ಅವರಿಗೆ ಬೇಜಾರಾಗಿತ್ತು. ಚಹಾ ಹಾಕಿ ಕೂರಿಸಿದರು. ಮೊಮ್ಮಗಳು ಪಕ್ಕದಲ್ಲಿ ಕೂತು, ನನಗೆ ತಿಳಿಯದ ಕಡೆ ಬಿಡಿಸಿ ಹೇಳಿದಳು. "ನಮ್ಮ ಪ್ರಾಂತ್ಯದಲ್ಲಿ ಒಬ್ಬರು ಕಾರ್ಯದರ್ಶಿ ಇದ್ದರು" ಅಂತ ದೊಡ್ಡಮ್ಮ ಶುರು ಮಾಡಿದರು.

ಅದಕ್ಕೆ ಮುಂಚೆ ಸ್ವಲ್ಪ ಹಿಂದಿನ ಕತೆ ಹೇಳಬೇಕು.

ಈ ಪಕ್ಷ ಹುಟ್ಟಿದ್ದು ವಿಯೆಟ್ನಾಂನಲ್ಲಿ ಅಲ್ಲ, ಹಾಂಗ್‌ಕಾಂಗ್‌ನಲ್ಲಿ. ಒಬ್ಬರಿಗೊಬ್ಬರು ಆಗದ ಗುಂಪುಗಳನ್ನು ಕೂರಿಸಿ ಒಂದು ಮಾಡಿದವರು ಆಗ ಙುಯೆನ್ ಐ ಕ್ವೋಕ್ ಅನ್ನುವ ಹೆಸರಿನಲ್ಲಿದ್ದ ಹೋ ಚಿ ಮಿನ್. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಡೋಚೀನಾ ಕಮ್ಯುನಿಸ್ಟ್ ಪಕ್ಷ ಅಂತ ಹೆಸರು ಬದಲಾಯಿತು. ಮೊದಲ ಪ್ರಧಾನ ಕಾರ್ಯದರ್ಶಿ ಟ್ರಾನ್ ಫು. ಮರುವರ್ಷವೇ, ಆಗ ದೇಶ ಆಳುತ್ತಿದ್ದ ಫ್ರೆಂಚರ ಸೆರೆಯಲ್ಲಿ ಸತ್ತರು, 27 ವರ್ಷದ ಹುಡುಗ. ಹೋ 30 ವರ್ಷ ಹೊರಗೆ ಅಲೆದು 1941ರಲ್ಲಿ ಚೀನಾ ಗಡಿಯ ಪಾಕ್ ಬೊ ಗುಹೆಗೆ ಬಂದರು. ಅಲ್ಲಿ ವಿಯೆತ್ ಮಿನ್ ಅನ್ನುವ ಸ್ವಾತಂತ್ರ್ಯ ಹೋರಾಟದ ಒಕ್ಕೂಟ ಹುಟ್ಟಿತು. 1945ರ ಸೆಪ್ಟೆಂಬರ್ 2ರಂದು ಹನೋಯ್‌ನ ಬಾ ದಿನ್ ಮೈದಾನದಲ್ಲಿ ಸ್ವಾತಂತ್ರ್ಯ ಸಾರಿದರು. ಅದೇ ನವೆಂಬರ್‌ನಲ್ಲಿ ಪಕ್ಷ ತನ್ನನ್ನೇ ವಿಸರ್ಜಿಸಿಕೊಂಡೆ ಅಂತ ಘೋಷಿಸಿತು. ನಿಜದಲ್ಲಿ ತೆರೆಮರೆಗೆ ಸರಿಯಿತು ಅಷ್ಟೆ. 1951ರಲ್ಲಿ ಕಾರ್ಮಿಕ ಪಕ್ಷ ಅನ್ನುವ ಹೆಸರಲ್ಲಿ ಮತ್ತೆ ಬೆಳಕಿಗೆ ಬಂತು. ಈಗಿನ ಹೆಸರು 1976ರದು. ಯುದ್ಧಗಳ ಕತೆ ನೀವು ಓದಿದ್ದೀರಿ, ಅದನ್ನು ಬಿಡುತ್ತೇನೆ. ಒಂದು ಮಾತು ಮಾತ್ರ: ಫ್ರೆಂಚರು ಸೋತ ಮೇಲೆ, 1954ರ ಅಕ್ಟೋಬರ್‌ನಲ್ಲಿ, ಹನೋಯ್‌ಗೆ ಬಂದ ಮೊದಲ ವಿದೇಶಿ ಪ್ರಧಾನಿ ನಮ್ಮ ನೆಹರೂ. ವಯಸ್ಸಾದವರು ನಾನು ಭಾರತದವನು ಅಂದ ಕೂಡಲೇ "ನೇ-ರು" ಅಂತ ಮೊದಲು ಹೇಳುವುದು ಅದಕ್ಕೇ.

ಯುದ್ಧದಲ್ಲಿ ಗೆಲ್ಲುತ್ತಿದ್ದ ಪಕ್ಷ ತನ್ನ ಹಳ್ಳಿಗಳಲ್ಲಿ ದೊಡ್ಡ ತಪ್ಪು ಮಾಡಿತು. 1953ರಿಂದ ಭೂಸುಧಾರಣೆ ಶುರುವಾಯಿತು. ಜಮೀನ್ದಾರರನ್ನು ಜನರ ಮುಂದೆ ನಿಲ್ಲಿಸಿ ವಿಚಾರಣೆ. ಮೊದಲು ಗುಂಡಿಗೆ ಬಲಿಯಾದವಳು ಙುಯೆನ್ ಥಿ ನಾಮ್ ಅನ್ನುವ ಹೆಂಗಸು. 1945ರಲ್ಲಿ ಇದೇ ಸರ್ಕಾರಕ್ಕೆ ಚಿನ್ನ ಕೊಟ್ಟವಳು, ಮನೆಯಲ್ಲಿ ಪಕ್ಷದವರನ್ನೇ ಬಚ್ಚಿಟ್ಟು ಕಾಪಾಡಿದವಳು. ಅವಳ ಮಗ ಇವರದೇ ಸೈನ್ಯದಲ್ಲಿದ್ದ. 1956ರಲ್ಲಿ ಪಕ್ಷ ತಪ್ಪಾಯಿತು ಅಂತ ಬಹಿರಂಗವಾಗಿ ಒಪ್ಪಿಕೊಂಡಿತು. ಪ್ರಧಾನ ಕಾರ್ಯದರ್ಶಿ ಟ್ರುವಾಂಗ್ ಚಿನ್ ಕುರ್ಚಿ ಬಿಟ್ಟರು. ಈ ಹೆಸರು ನೆನಪಿಡಿ, ಮುಂದೆ ಎರಡು ಸಲ ಬರುತ್ತದೆ.

ಆಮೇಲೆ ಬಂದದ್ದು ಸಹಕಾರಿ ಬೇಸಾಯ. ಹಂಚಿದ್ದ ಹೊಲಗಳನ್ನೆಲ್ಲಾ ಮತ್ತೆ ಒಟ್ಟುಗೂಡಿಸಿದರು. ದೊಡ್ಡಮ್ಮನಿಗೆ ಆಗ ಹತ್ತು ಹನ್ನೊಂದು ವರ್ಷ. ಬೆಳಗ್ಗೆ ಕಬ್ಬಿಣದ ತುಂಡಿಗೆ ಬಡಿದು ಗಂಟೆ ಹೊಡೆಯುತ್ತಿದ್ದರಂತೆ. ಎಲ್ಲರೂ ಹೊಲಕ್ಕೆ. ಸಂಜೆ ಗಂಟೆ ಹೊಡೆದರೆ ಎಲ್ಲರೂ ಮನೆಗೆ. ನಡುವೆ ಎಷ್ಟು ದುಡಿದರೂ ಕೂಲಿಯ ಬದಲು ಕೊಡುವ ಅಂಕ ಒಂದೇ. "ಅಮ್ಮ ಹೊಲದಲ್ಲಿ ನಿಧಾನ, ಹಿತ್ತಲಲ್ಲಿ ಬಿರುಸು" ಅಂದರು ದೊಡ್ಡಮ್ಮ. ಹಿತ್ತಲು ಅಂದರೆ ಮನೆಯವರ ಸ್ವಂತಕ್ಕೆ ಬಿಟ್ಟಿದ್ದ 5 ಶೇಕಡಾ ನೆಲ. ಅಲ್ಲಿ ಬೆಳೆ ಎದ್ದು ನಿಲ್ಲುತ್ತಿತ್ತು. ಸಹಕಾರಿ ಹೊಲದಲ್ಲಿ ಕಳೆ. ಗಂಡಸರು ಯುದ್ಧದಲ್ಲಿ, ಹೊಲದಲ್ಲಿ ಹೆಂಗಸರು ಮುದುಕರು. ಹೊಟ್ಟೆಗೆ ಸಾಲದು.

ಇದನ್ನು ಕಣ್ಣಿಟ್ಟು ನೋಡಿದವರು ವಿನ್ ಫುಕ್‌ನ ಪಕ್ಷದ ಕಾರ್ಯದರ್ಶಿ ಕಿಮ್ ಙೋಕ್. ಬಡ ರೈತ ಮನೆಯಿಂದ ಬಂದವರು. ಹಳ್ಳಿ ಹಳ್ಳಿ ತಿರುಗಿ ಕೇಳಿದರು. 1966ರ ಸೆಪ್ಟೆಂಬರ್‌ನಲ್ಲಿ ಪ್ರಾಂತ್ಯದ ಸಮಿತಿಯಿಂದ 68ನೇ ನಂಬರಿನ ಒಂದು ನಿರ್ಣಯ ಹೊರಡಿಸಿದರು. ಹೊಲವನ್ನು ಮನೆ ಮನೆಗೆ ವಹಿಸಿ ಕೊಡುವುದು, ಒಪ್ಪಿಕೊಂಡಷ್ಟು ಧಾನ್ಯ ಸಹಕಾರಿಗೆ ಕೊಟ್ಟು ಮಿಕ್ಕಿದ್ದು ಮನೆಯವರಿಗೆ. ನಮ್ಮ ಕಡೆ ಗುತ್ತಿಗೆ ಅನ್ನುತ್ತೇವಲ್ಲ, ಹೆಚ್ಚುಕಮ್ಮಿ ಅದೇ. ಗಂಟೆಯ ಸದ್ದಿಗೆ ಮುಂಚೆಯೇ ಅಮ್ಮ ಹೊಲದಲ್ಲಿರುತ್ತಿದ್ದರು, ಮಳೆಯಲ್ಲೂ ನಾಟಿ ಮಾಡುತ್ತಿದ್ದರು ಅಂತ ದೊಡ್ಡಮ್ಮ ಹೇಳುವಾಗ ಅವರ ಕೈ ತಾನಾಗೇ ನಾಟಿ ಹಾಕುವ ಹಾಗೆ ಆಡುತ್ತಿತ್ತು. ಎರಡು ವರ್ಷ ಅನ್ನ ಇತ್ತು.

ಕೇಂದ್ರಕ್ಕೆ ಇದು ಸರಿ ಕಾಣಲಿಲ್ಲ. ಹೊಲ ಮನೆಗೆ ಹೋದರೆ ಸಮಾಜವಾದ ಎಲ್ಲಿ ಉಳಿಯಿತು ಅನ್ನುವುದು ಅವರ ವಾದ. 1968ರ ಕೊನೆಯಲ್ಲಿ ಪ್ರಾಂತ್ಯಕ್ಕೇ ಬಂದು ಖಂಡಿಸಿದವರು ಟ್ರುವಾಂಗ್ ಚಿನ್. ಕಿಮ್ ಙೋಕ್ ತಮ್ಮ ತಪ್ಪನ್ನು ತಾವೇ ಬರೆದು ಒಪ್ಪಿಸಬೇಕಾಯಿತು. ಬರೆದರು. ಅದೇ ನಿಯಮ ಅಲ್ವಾ, ಕೆಳಗಿನವರು ಮೇಲಿನವರ ಮಾತು ಕೇಳಬೇಕು. ಗಂಟೆ ಮತ್ತೆ ಶುರುವಾಯಿತು. ಕಿಮ್ ಙೋಕ್ 1979ರಲ್ಲಿ ತೀರಿಕೊಂಡರು.

ಆ ಹೊತ್ತಿಗೆ ಯುದ್ಧ ಗೆದ್ದಾಗಿತ್ತು, ದೇಶ ಒಂದಾಗಿತ್ತು, ಹಸಿವು ಮಾತ್ರ ಹೋಗಿರಲಿಲ್ಲ. ದೊಡ್ಡಮ್ಮ ಆಗ ಹನೋಯ್‌ನಲ್ಲಿ ಟೀಚರ್. ಅಕ್ಕಿಗೆ ಒಂದು ಪುಸ್ತಕ, ಮಾಂಸಕ್ಕೆ ಬಟ್ಟೆಗೆ ಕೂಪನ್. ತಿಂಗಳಿಗೆ 13 ಕೆಜಿ, ಅದರಲ್ಲೂ ಒಂದಿಷ್ಟು ಗೋಧಿ ಹಿಟ್ಟೋ ಗೆಣಸೋ. ಬೆಳಗಿನ ಜಾವ ಸಾಲಿನಲ್ಲಿ ಕಲ್ಲು ಇಟ್ಟು ಜಾಗ ಹಿಡಿದು, ಮಗುವಿಗೆ ಹಾಲು ಕುಡಿಸಿ ಮತ್ತೆ ಬರುತ್ತಿದ್ದರಂತೆ. ಇವತ್ತಿಗೂ ಇಲ್ಲಿ ಯಾರಾದರೂ ಮುಖ ಬಾಡಿಸಿ ಕೂತರೆ "ಅಕ್ಕಿ ಪುಸ್ತಕ ಕಳಕೊಂಡವರ ಮುಖ" ಅನ್ನುತ್ತಾರೆ. ದೊಡ್ಡಮ್ಮ ಒಳಗೆ ಹೋಗಿ ಬಿಸ್ಕತ್ ಡಬ್ಬ ತಂದರು. ಅದರಲ್ಲಿ ಮಾಸಿದ ಕಾಗದದ ಪುಸ್ತಕ, ಅಂಗೈ ಅಗಲ. ತಿಂಗಳುಗಳ ಮನೆ, ಒಂದೊಂದರಲ್ಲೂ ಸಹಿ. ನಮ್ಮ ಅಜ್ಜಿಯ ರೇಷನ್ ಕಾರ್ಡ್ ನೆನಪಾಯಿತು. ನಾನು ಮುಟ್ಟಲು ಹೆದರಿದೆ.

1986ರಲ್ಲಿ ಬೆಲೆ ಏರಿಕೆ 700 ಶೇಕಡಾ ದಾಟಿತ್ತು. ಜುಲೈನಲ್ಲಿ ಲೆ ಝುವಾನ್ ತೀರಿಕೊಂಡರು. 1960ರಿಂದ ಪಕ್ಷ ಅವರ ಕೈಯಲ್ಲಿತ್ತು. ಅವರ ಜಾಗಕ್ಕೆ ಐದು ತಿಂಗಳ ಮಟ್ಟಿಗೆ ಬಂದವರು ಯಾರು ಗೊತ್ತೇ? ಅದೇ ಟ್ರುವಾಂಗ್ ಚಿನ್. ಸುಮಾರು ಎಂಬತ್ತು ವರ್ಷ. ಅವರೂ ಅಷ್ಟರಲ್ಲಿ ಊರೂರು ತಿರುಗಿ ನೋಡಿದ್ದರು, ಮನಸ್ಸು ಬದಲಾಗಿತ್ತು. ಡಿಸೆಂಬರ್‌ನ 6ನೇ ಮಹಾಧಿವೇಶನದಲ್ಲಿ ಹಳೆಯ ದಾರಿ ತಪ್ಪು ಅಂತ ಹೇಳುವ ವರದಿಯನ್ನು ಓದಿದವರು ಅವರೇ. "ಸತ್ಯವನ್ನು ನೇರವಾಗಿ ನೋಡಬೇಕು" ಅನ್ನುವುದು ಆ ಅಧಿವೇಶನದ ಮಾತು. ದೊಯ್ ಮೋಯ್, ಅಂದರೆ ಹೊಸ ಬದಲಾವಣೆ, ಅಲ್ಲಿಂದ ಶುರು. 1988ರ ಏಪ್ರಿಲ್‌ನಲ್ಲಿ 10ನೇ ನಿರ್ಣಯ ಬಂತು. ಹೊಲ ಮನೆ ಮನೆಗೆ. ಮರುವರ್ಷವೇ, ಅಕ್ಕಿ ತರಿಸಿಕೊಳ್ಳುತ್ತಿದ್ದ ದೇಶ 10 ಲಕ್ಷ ಟನ್‌ಗೂ ಜಾಸ್ತಿ ಅಕ್ಕಿ ಹೊರಗೆ ಮಾರಿತು.

ಕಿಮ್ ಙೋಕ್ 1966ರಲ್ಲಿ ಹೇಳಿದ್ದೂ ಇದನ್ನೇ. 22 ವರ್ಷ! 2009ರಲ್ಲಿ ಅವರಿಗೆ ಮರಣೋತ್ತರವಾಗಿ ಹೋ ಚಿ ಮಿನ್ ಪದಕ ಕೊಟ್ಟರು. ದೊಡ್ಡಮ್ಮನಿಗೆ ಅದರ ಬಗ್ಗೆ ಹೆಮ್ಮೆ. ನಾನು ಸುಮ್ನೆ ಕೂತು ಬೇರೆಯದನ್ನು ಯೋಚಿಸುತ್ತಿದ್ದೆ. ತಪ್ಪು ಒಪ್ಪಿಕೊಳ್ಳುವುದು ಈ ಪಕ್ಷಕ್ಕೆ ಗೊತ್ತು. ಎರಡು ಸಲ ದೊಡ್ಡ ಬಾಯಲ್ಲೇ ಒಪ್ಪಿಕೊಂಡಿದೆ. ನಮ್ಮ ಎಷ್ಟು ಪಕ್ಷಗಳು ಹಾಗೆ ಮಾಡಿವೆ? ಆದರೆ ತಪ್ಪು ಅಂತ ಹೇಳುವ ಹಕ್ಕು ಒಳಗಿನವರಿಗೆ ಮಾತ್ರ, ಅದೂ ಮೇಲಿನವರಿಗೆ ಮನವರಿಕೆ ಆದ ದಿನ. ಅಲ್ಲಿಯವರೆಗೆ ಸಾಲಿನಲ್ಲಿ ಕಲ್ಲು ಇಡುವವರು ಕಾಯಬೇಕು. ಹೊರಗೆ ನಿಂತು ಬರೆದವರಿಗೆ ದಂಡ ಸಂಹಿತೆಯ 117ನೇ ವಿಧಿ ಇದೆ, ರಾಜ್ಯದ ವಿರುದ್ಧ ಪ್ರಚಾರ ಅಂತ. 20 ವರ್ಷದವರೆಗೂ ಜೈಲು ಆಗಬಹುದು, ಜನ ಹೋಗಿದ್ದಾರೆ. ಇದು ನನಗೆ ಒಪ್ಪಿಗೆಯಿಲ್ಲ. ಈ ಊರನ್ನು, ಈ ಗಲ್ಲಿಯನ್ನು ಪ್ರೀತಿಸಿಯೇ ಹೇಳುತ್ತಿದ್ದೇನೆ.

ಕಾರ್ಖಾನೆಯ ಮಾತನ್ನೂ ಅಪ್ಪನಿಗೆ ಹೇಳಬೇಕಿತ್ತು. ಇಲ್ಲಿ ಕಾರ್ಮಿಕ ಸಂಘಗಳೆಲ್ಲಾ ಪಕ್ಷದ ನೆರಳಿನ ಒಂದೇ ಮಹಾಸಂಘಕ್ಕೆ ಸೇರಿದ್ದು. ಕಂಪನಿಯೇ ಸಂಬಳದ ಮೊತ್ತದ 2 ಶೇಕಡಾ ಸಂಘಕ್ಕೆ ಕಟ್ಟಬೇಕು. ನಾನು ಹೋಗುವ ಒಂದು ಕಡೆ ಸಂಘದ ಅಧ್ಯಕ್ಷೆ ಎಚ್‌ಆರ್ ವಿಭಾಗದವರೇ. ಒಳ್ಳೆಯ ಹೆಂಗಸು. ತೆತ್‌ಗೆ ಎಣ್ಣೆ, ಸಕ್ಕರೆ, ಊರಿಗೆ ಹೋಗಲು ಬಸ್, ಕಾಯಿಲೆ ಬಿದ್ದವರ ಮನೆಗೆ ಹಣ್ಣು, ಎಲ್ಲಾ ನೋಡಿಕೊಳ್ಳುತ್ತಾರೆ. ಪೀಣ್ಯದ ನನ್ನ ಟೈಲರ್ ಅಕ್ಕಂದಿರಿಗೆ ಇಷ್ಟು ಸಿಕ್ಕಿರಲಿಲ್ಲ, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಓವರ್‌ಟೈಮ್ ಲೆಕ್ಕ ತಪ್ಪಿದರೆ? ಕಾನೂನಿನ ಪ್ರಕಾರ ಮುಷ್ಕರಕ್ಕೆ ಸಂಘ ಮುಂದಾಗಬೇಕು. ಈ ದೇಶದಲ್ಲಿ ನಡೆದ ಮುಷ್ಕರಗಳಲ್ಲಿ ಹೆಚ್ಚಿನವು ಸಂಘ ಕೇಳದೆ, ಹುಡುಗಿಯರು ತಾವಾಗೇ ಮಷೀನ್ ನಿಲ್ಲಿಸಿ ಎದ್ದು ಹೋದದ್ದು. ಇದನ್ನು ಹೇಳಿದಾಗ ಅಪ್ಪ, "ಹಂಗಾದ್ರೆ ಅವರ ಕೈಯಾಗೆ ಬಾವುಟ ಯಾವುದಿತ್ತು?" ಅಂತ ಕೇಳಿದರು. ಬಾವುಟ ಇರಲಿಲ್ಲ ಅಪ್ಪಾ ಅಂದೆ.

2025ಕ್ಕೆ ಪಕ್ಷಕ್ಕೆ 95 ವರ್ಷ, ದೊಡ್ಡಮ್ಮ ಸೇರಿ 50. ಅವರಿಗೆ 50 ವರ್ಷದ ಪದಕ ಬಂತು. ಇಲ್ಲಿ 30 ವರ್ಷದಿಂದ ಶುರುವಾಗಿ ಪದಕ ಕೊಡುತ್ತಾರೆ. ಮಗ ಸೊಸೆ ಫೋಟೋ ತೆಗೆದರು, ಪಕ್ಕದ ಮನೆಯವರು ಹೂವು ತಂದರು. ಪದಕವನ್ನು ಅವರು ಆ ಬಿಸ್ಕತ್ ಡಬ್ಬದಲ್ಲೇ, ಅಕ್ಕಿ ಪುಸ್ತಕದ ಮೇಲೆಯೇ ಇಟ್ಟರು. ನಿಮ್ಮ ಅಪ್ಪ ಪಕ್ಷದ ಸದಸ್ಯರೇ ಅಂತ ಅವತ್ತು ನನ್ನನ್ನು ಕೇಳಿದರು. ಅಲ್ಲ, ಸಂಘಕ್ಕೆ ಚಂದಾ ಕೊಡುತ್ತಿದ್ದರು, ಮಿಲ್ಲು ಮುಚ್ಚಿತು ಅಂದೆ. ಅಪ್ಪನಿಗೆ ಕೊಡು ಅಂತ ಥಾಯ್ ಙುಯೆನ್ ಚಹಾದ ಒಂದು ಪೊಟ್ಟಣ ಕೊಟ್ಟರು.

ಕಳೆದ ವಾರ ಮತ್ತೆ ಸಭೆ ಇತ್ತು. ನಮ್ಮ ಗಲ್ಲಿಯಲ್ಲಿ ಮಳೆ ಬಂದರೆ ಮೊಣಕಾಲು ನೀರು ನಿಲ್ಲುತ್ತದೆ, ಚರಂಡಿ ಕಟ್ಟಿಕೊಂಡಿದೆ. ಮೂರು ತಿಂಗಳಿಂದ ದೊಡ್ಡಮ್ಮ ಇದನ್ನು ಚೀ ಬೋದಲ್ಲಿ ಎತ್ತುತ್ತಿದ್ದಾರೆ. ಹೋಗುವ ಮುಂಚೆ ನನ್ನನ್ನು ಕರೆದು, ಕಳೆದ ಮಳೆಯಲ್ಲಿ ನನ್ನ ಬೈಕು ಮುಳುಗಿದ್ದ ಫೋಟೋ ಇದೆಯಾ ಅಂತ ಕೇಳಿದರು. ಕಳಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ನೋಟ್ ಬುಕ್ಕಿನಲ್ಲಿ ತಾರೀಖು ಬರೆದುಕೊಂಡರು. ಕೊಡೆ ಹಿಡಿದು ಗಲ್ಲಿಯ ತುದಿಗೆ ನಡೆದರು.